ಮುಖಾನುಮಾನಶಾಸ್ತ್ರ: ಒಂದು ಪ್ರವೇಶಿಕೆ

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕೆಂದು ನಮ್ಮ ನೈಯಾಯಿಕರು ಬಹಳ ಹಿಂದೆಯೇ ಸಾಧಿಸಿಟ್ಟರು. ಅಷ್ಟಕ್ಕೇ ತೃಪ್ತರಾಗಿ ಕೂತದ್ದು ಅವರ ದೌರ್ಬಲ್ಯ. 'ಈ ನಟಿಯ ಮೂಗು ಶಸ್ತ್ರಚಿಕಿತ್ಸಾಯುಕ್ತವಾದದ್ದು, ಹೋದ ಸಿನಿಮಾದಲ್ಲಿ ಹೀಗಿರಲಿಲ್ಲವಾದ್ದರಿಂದ' ಎಂಬ ಸೂತ್ರವನ್ನು ಲೋಕಕ್ಕೆ ಕೊಟ್ಟವರು ಕ್ಷೌರದಂಗಡಿಯ ಬೆಂಚು ಮತ್ತು ಮದುವೆಮನೆಯ ಎರಡನೇ ಪಂಕ್ತಿಯ ಆಚಾರ್ಯರು.

ಪ್ರಾಚೀನರಲ್ಲಿ ಸುಶ್ರುತನ ಹೆಸರು ಹೇಳುವುದು ವಾಡಿಕೆ. ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿ, ಅಷ್ಟೇ ಚರ್ಮವನ್ನು ಕೆನ್ನೆಯಿಂದ ತೆಗೆದು ಮೂಗು ಕಟ್ಟುವ ವಿಧಾನ ಅವನದು. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡಾಗ, ಪುಣೆ ಕಡೆಯ ಇಟ್ಟಿಗೆ ಕಸುಬಿನ ಕುಲದವನೊಬ್ಬ ಹಣೆಯ ಚರ್ಮ ಇಳಿಸಿ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಹಿತ ಅಚ್ಚು ಹಾಕಿತು. ಇಷ್ಟೊಂದು ಸಾಕ್ಷ್ಯವಿರುವ ಮೂಗಿನಿಂದ ನಮ್ಮ ಶಾಸ್ತ್ರಕ್ಕೆ ಕವಡೆ ಕಾಸಿನ ಪ್ರಯೋಜನವಿಲ್ಲ. ರೋಗಿ ನಟಿಯಲ್ಲ, ಮೇಲಾಗಿ, ಆಪರೇಷನ್ ನಿಜವಾಗಿ ಆಗಿದೆ.

ಮೊದಲ ಪ್ರಮಾಣ ಪ್ರತ್ಯಕ್ಷ, ಅರ್ಥಾತ್ ಎರಡು ಫೋಟೊ. ಬೆಂಗಳೂರಿನಲ್ಲಿ ಹುಟ್ಟಿ, 2010ರ 'ಸೂಪರ್' ಮೂಲಕ ಕನ್ನಡಿಗರಿಗೂ ಪರಿಚಿತರಾದ ನಯನತಾರಾ ಅವರನ್ನೇ ತೆಗೆದುಕೊಳ್ಳೋಣ. 2003ರಲ್ಲಿ ಮಲಯಾಳಂ ಚಿತ್ರರಂಗಕ್ಕೆ ಬಂದ ಹತ್ತೊಂಬತ್ತರ ಹುಡುಗಿಯ ಪಕ್ಕ ನಲವತ್ತರ ಹೊಸ್ತಿಲಿನ ಹೆಂಗಸನ್ನಿಟ್ಟು, ವ್ಯತ್ಯಾಸವಿದೆಯೆಂದು ಘೋಷಿಸುವುದು. ನಡುವಿನ ಇಪ್ಪತ್ತೊಂದು ವರ್ಷ ಗಣನೆಗಿಲ್ಲ. ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ, ಐದು ಅಡಿ ದೂರದ ಚಿತ್ರಕ್ಕಿಂತ ಸುಮಾರು 30 ಪ್ರತಿಶತ ಅಗಲ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಅವರು ಬರೇ ವೈದ್ಯರು, ಬಿಡಿ.

2024ರಲ್ಲಿ ಶಾಸ್ತ್ರಕ್ಕೆ ಒಂದು ಗಂಡಾಂತರ ಒದಗಿತು. ಹುಬ್ಬಿನ ಆಕಾರ ಬದಲಾದರೆ ಮುಖವೇ ಬೇರೆ ಕಾಣುತ್ತದೆ, ಪಥ್ಯದಿಂದ ಕೆನ್ನೆ ಇಳಿಯುತ್ತದೆ, ಉಬ್ಬುತ್ತದೆ. ಬೇಕಿದ್ದರೆ ಚಿವುಟಿ ನೋಡಿ, ಸುಟ್ಟು ನೋಡಿ, ಪ್ಲಾಸ್ಟಿಕ್ ಸಿಗದು ಎಂದು ಅದೇ ನಟಿ ಸಂದರ್ಶನವೊಂದರಲ್ಲಿ ನಕ್ಕುಬಿಟ್ಟರು. ಅಧ್ಯಯನದ ವಸ್ತುವೇ ಎದ್ದು ನಿಂತು ಪ್ರಯೋಗಕ್ಕೆ ಕರೆಯುವುದು ಯಾವ ವಿಜ್ಞಾನಕ್ಕೂ ಸಿಗದ ಭಾಗ್ಯ. ಆಚಾರ್ಯರು ಕದಲಲಿಲ್ಲ. ಯಾಕೆಂದರೆ ಶಬ್ದಪ್ರಮಾಣದ ನಿಯಮ ಸ್ಪಷ್ಟ: ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವರೇ ಕಳ್ಳರು. ಅಲ್ಲ ಅಂದರೆ ಆಗಿದೆ. ಸುಮ್ಮನಿದ್ದರೆ ಮೌನಂ ಸಮ್ಮತಿಲಕ್ಷಣಂ. ಮೂಗಿನೊಳಗಿನ ಗಡ್ಡೆ ತೆಗೆಯುವಾಗ ಮೂಗಿನ ಮೂಳೆಗೆ ಪೆಟ್ಟಾಯಿತೆಂದು ಪ್ರಿಯಾಂಕಾ ಚೋಪ್ರಾ 2021ರ ಆತ್ಮಕಥೆಯಲ್ಲಿ ತಾವೇ ಬರೆದರಲ್ಲ, ಅಂಥ ಕಡೆ 'ಇಷ್ಟು ಹೇಳಿದವಳು ಇನ್ನೆಷ್ಟು ಮುಚ್ಚಿಟ್ಟಿರಬೇಕು' ಎಂಬ ಉಪಸೂತ್ರ ಅನ್ವಯ. (ಮಾಡಿಸಿಕೊಂಡಿದ್ದರೂ ಅವರ ಮೂಗು, ಅವರ ದುಡ್ಡು ಎಂದು ನನ್ನ ಸ್ವಂತ ಅಭಿಪ್ರಾಯ. ವಿದ್ವತ್ಸಭೆಯಲ್ಲಿ ಹಾಗೆ ಹೇಳುವುದು ಸಭ್ಯತೆಯಲ್ಲ.)

ವಿದೇಶಿ ಶಾಖೆಯೂ ಹಿಂದುಳಿದಿಲ್ಲ. ಹಾಲಿವುಡ್ ನಟಿ ರೆನೆ ಜೆಲ್ವೆಗರ್ 2014ರಲ್ಲಿ ಸಮಾರಂಭವೊಂದಕ್ಕೆ ಬಂದಾಗ 'ಗುರುತೇ ಸಿಗಲಿಲ್ಲ' ಎಂದು ಜಗತ್ತೇ ದೂರಿತು. ಕಣ್ಣಿನ ಆಪರೇಷನ್ ಆಗಿಲ್ಲವೆಂದು 2016ರಲ್ಲಿ ಆಕೆ ಲೇಖನವನ್ನೇ ಬರೆಯಬೇಕಾಯಿತು. 2020ರಲ್ಲಿ ಅದೇ ಆಕೆಗೆ ಜೂಡಿ ಗಾರ್ಲೆಂಡ್ ಪಾತ್ರಕ್ಕೆ ಆಸ್ಕರ್ ಬಂತು. ತನ್ನಂತೆ ಕಾಣದಿದ್ದರೆ ಅಪರಾಧ, ಇನ್ನೊಬ್ಬಳಂತೆ ಕಂಡರೆ ಪ್ರಶಸ್ತಿ. ಇದರಲ್ಲಿ ವಿರೋಧಾಭಾಸ ಹುಡುಕುವವರು ಪ್ರಥಮ ಪರೀಕ್ಷೆಯಲ್ಲೇ ನಪಾಸು.

ಉಳಿದದ್ದು ಶಿಷ್ಯರು ಪದೇ ಪದೇ ಎತ್ತುವ ಒಂದು ತಕರಾರು. ಅರವತ್ತು ದಾಟಿದ ನಾಯಕನ ನೆತ್ತಿಯ ಮೇಲೆ ಎರಡು ಸಿನಿಮಾಗಳ ನಡುವೆ ದಟ್ಟವಾದ ಕಪ್ಪು ಕಾಡು ಬೆಳೆಯುತ್ತದಲ್ಲ, ಹಣೆಯ ಗೆರೆಗಳು ಇಸ್ತ್ರಿ ಆಗುತ್ತವಲ್ಲ, ಅದಕ್ಕೆ ಯಾವ ಪ್ರಮಾಣ? ಯಾವುದೂ ಬೇಕಿಲ್ಲ. ಅದು ಸ್ವಯಂಸಿದ್ಧ. ಸಂಶಯಪಡುವ ಶಿಷ್ಯನನ್ನು ಅಭಿಮಾನಿಗಳ ಸಂಘಕ್ಕೆ ಒಪ್ಪಿಸತಕ್ಕದ್ದು. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.