ಪವರ್ ಪ್ರೆಸ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪವರ್ ಪ್ರೆಸ್ ಸಾಹೇಬರೇ,

ಪೀಣ್ಯದ ಒಳಗಲ್ಲಿಗಳ ಶೆಡ್ಡುಗಳಲ್ಲಿ ತಗಡು ಬಗ್ಗಿಸುತ್ತ, ತೂತು ಹೊಡೆಯುತ್ತ ಹಗಲಿರುಳು ದುಡಿಯುವ ತಮಗೆ ಪತ್ರ ಓದುವ ಪುರುಸೊತ್ತು ಇರಲಾರದು. ಆದರೆ ಬೇರೆ ಯಾರಿಗೆ ಬರೆಯಲಿ? ಮಾಲೀಕರನ್ನು ಕೇಳಿದರೆ ಕಾಂಟ್ರಾಕ್ಟರ್ ಕಡೆ ಕೈ ತೋರಿಸುತ್ತಾರೆ. ಕಾಂಟ್ರಾಕ್ಟರ್ ಹುಡುಗನ ಅಪ್ಪನ ಹೆಸರು ಹೇಳುತ್ತಾನೆ. ಇಲಾಖೆಗೆ ಲಿಖಿತ ದೂರು ಬೇಕು. ಹದಿನಾರರ ಹುಡುಗನೊಬ್ಬ ನಿಮ್ಮ ಡೈ ಮೇಲೆ ಕೈಯಿಟ್ಟಾಗ ಅವನ ವಿಷಯದಲ್ಲಿ ಅಂತಿಮ ತೀರ್ಮಾನ ತಮ್ಮದೇ ಆಗಿರುವುದರಿಂದ, ಅರ್ಜಿಯನ್ನು ನೇರವಾಗಿ ತಮಗೇ ಸಲ್ಲಿಸುವುದು ಕ್ರಮ ಎನಿಸಿತು.

ಮೊದಲು ತಮ್ಮ ಸ್ವಭಾವ. ಹಳೇ ಮಾದರಿಯ ಪ್ರೆಸ್ಸಿನಲ್ಲಿ ಪೆಡಲ್ ಒತ್ತಿದ ಕೂಡಲೇ ಕ್ಲಚ್ಚಿನ ಕೀ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತದೆ. ರ‍್ಯಾಮ್ ಪೂರ್ತಿ ಇಳಿದು ಮತ್ತೆ ಮೇಲೇರುವ ತನಕ ನಡುವೆ ನಿಲ್ಲಿಸಲು ಬರುವುದಿಲ್ಲ. ಆ ಕೀ ಸವೆದಿದ್ದರೆ ಪೆಡಲ್ ಒತ್ತದೆಯೇ ಎರಡನೆಯ ಪೆಟ್ಟು ಬೀಳುತ್ತದೆ. ಕೆಲಸಗಾರರು ಇದನ್ನು ಡಬಲ್ ಸ್ಟ್ರೋಕ್ ಅನ್ನುತ್ತಾರೆ. ಮೊದಲ ಪೆಟ್ಟಿಗೆ ಕೈ ಹೊರಗಿರುತ್ತದೆ, ಎರಡನೆಯದಕ್ಕೆ ಪೀಸ್ ತೆಗೆಯಲು ಒಳಗಿರುತ್ತದೆ. ಇದನ್ನು ತಡೆಯುವ ಉಪಾಯಗಳೇನೂ ರಹಸ್ಯವಲ್ಲ. ಬೆರಳು ತೂರದ ಹಾಗೆ ಗಾರ್ಡ್ ಕೂರಿಸಬಹುದು. ತಗಡನ್ನು ಕೈಯಲ್ಲಿ ಇಡುವ ಬದಲು ಇಕ್ಕಳ ಹಿಡಿಯಬಹುದು. ನಡುವೆ ನಿಲ್ಲಬಲ್ಲ ಕ್ಲಚ್ ಇರುವ ಹೊಸ ಪ್ರೆಸ್ಸಾದರೆ ಎರಡೂ ಕೈಯಿಂದ ಒತ್ತುವ ಬಟನ್, ಬೆಳಕಿನ ಪರದೆಯ ಸೆನ್ಸರ್ ಇವೆ. ಆದರೆ ಪೀಸ್ ಲೆಕ್ಕದ ಕೂಲಿಯಲ್ಲಿ ಗಾರ್ಡ್ ಅಂದರೆ ನಿಧಾನ. ಹಾಗಾಗಿ ಅದು ಗೋಡೆಗೆ ಒರಗಿ ನಿಂತಿರುತ್ತದೆ, ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ಡ್ಯೂಟಿಗೆ ಹಾಜರಾಗುತ್ತದೆ.

ಇನ್ನು ನಮ್ಮ ಕಾನೂನಿನ ಔದಾರ್ಯ ನೋಡಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ತುಂಬಿ 18 ತುಂಬದವರಿಗೆ 'ಕಿಶೋರ' ಎಂಬ ಚೆಂದದ ಹೆಸರು ಸಿಕ್ಕಿತು. ಅವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದು ಎಂಬ ನಿಷೇಧವೂ ಬಂತು. ಇಲ್ಲಿಯವರೆಗೆ ಸರಿಯೇ. ಆದರೆ ಯಾವುದು ಅಪಾಯ? 18 ವೃತ್ತಿ, 65 ಪ್ರಕ್ರಿಯೆ ಸೇರಿ 83 ಇದ್ದ ಪಟ್ಟಿಯನ್ನು ಅದೇ ತಿದ್ದುಪಡಿ ಮೂರಕ್ಕೆ ಇಳಿಸಿತು: ಗಣಿ, ಹೊತ್ತಿಕೊಳ್ಳುವ ಇಲ್ಲವೇ ಸಿಡಿಯುವ ವಸ್ತು, ಕಾರ್ಖಾನೆ ಕಾಯ್ದೆ ಗುರುತಿಸಿದ 'ಅಪಾಯಕಾರಿ ಪ್ರಕ್ರಿಯೆ'. 2017ರಲ್ಲಿ ಪಟ್ಟಿ ಮತ್ತೆ ಉದ್ದವಾಯಿತಾದರೂ ಅದರ ಬಹುಭಾಗ 1948ರ ಕಾರ್ಖಾನೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದ ಉದ್ಯಮಗಳನ್ನೇ ಬಿಡಿಸಿ ಬರೆದದ್ದು. ಆ ಅನುಸೂಚಿಯನ್ನು ಓದಿದರೆ ಸಿಮೆಂಟ್, ರಸಗೊಬ್ಬರ, ಬಣ್ಣ, ಚರ್ಮ ಹದ ಮಾಡುವುದು, ಆಸ್ಬೆಸ್ಟಾಸ್ ಹೀಗೆ 29 ಹೆಸರು ಸಿಗುತ್ತವೆ. ವಿಷಕ್ಕೆ, ದೂಳಿಗೆ, ಬೆಂಕಿಗೆ ಅಲ್ಲಿ ಮರ್ಯಾದೆಯ ಸ್ಥಾನ ಇದೆ. ಸ್ವಿಚ್ ಬೋರ್ಡಿನ ಡಬ್ಬಿಗೆ ತಗಡು ಒತ್ತುವ ಶೆಡ್ಡಿಗೆ ಅಂಥ ಹೆಸರಿಲ್ಲ. ಏನು ತಯಾರಾಗುತ್ತದೆ ಎಂದು ಕೇಳುವ ಕಾನೂನು, ಹುಡುಗನ ಕೈ ಎಲ್ಲಿದೆ ಎಂದು ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಅದೇ 1948ರ ಕಾಯ್ದೆಯ 23ನೇ ಕಲಮು ಈ ಪ್ರಶ್ನೆಯನ್ನು ಕೇಳಿತ್ತು ಎಂಬುದನ್ನು ಒಪ್ಪಬೇಕು. ಅಪಾಯದ ಯಂತ್ರದ ಮುಂದೆ ಎಳೆಯರನ್ನು ನಿಲ್ಲಿಸುವ ಮೊದಲು ಅಪಾಯವೇನೆಂದು ಪೂರ್ತಿ ತಿಳಿಸಬೇಕಿತ್ತು. ಸಾಕಷ್ಟು ತರಬೇತಿ ಇರಬೇಕಿತ್ತು, ಇಲ್ಲವೇ ಯಂತ್ರ ಬಲ್ಲವರ ನಿಗಾ ಇರಬೇಕಿತ್ತು. ಜೊತೆಗೆ ಅದೇ ಕಾಯ್ದೆಯ ಬೇರೆ ಕಲಮಿನಂತೆ ವೈದ್ಯರ ಅರ್ಹತಾ ಪತ್ರ, ಅದರ ಗುರುತಿಗೆ ಹುಡುಗ ಮೈಮೇಲೆ ಇಟ್ಟುಕೊಳ್ಳಬೇಕಿದ್ದ ಟೋಕನ್. ಅಂಥ ಟೋಕನ್ ಧರಿಸಿದ ಹೆಲ್ಪರ್ ಯಾರಾದರೂ ತಮ್ಮ ಕಣ್ಣಿಗೆ ಬಿದ್ದಿದ್ದರೆ ದಯವಿಟ್ಟು ಮ್ಯೂಸಿಯಂಗೆ ಸುದ್ದಿ ಕೊಡಿ. ಇಷ್ಟಾದರೂ ಈ ಕಲಮುಗಳು ಅನ್ವಯಿಸಲು ಶೆಡ್ಡು 'ಕಾರ್ಖಾನೆ' ಅನಿಸಿಕೊಳ್ಳಬೇಕಿತ್ತು, ಅಂದರೆ ವಿದ್ಯುತ್ ಬಳಸುವ ಕಡೆ ಹತ್ತು ಜನ ಇರಬೇಕಿತ್ತು. 2020ರ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಹತ್ತೊಂಬತ್ತು ಜನರ ಶೆಡ್ಡಿನಲ್ಲಿ ಎಷ್ಟು ಬೆರಳಿರುತ್ತವೆ ಎಂಬ ಗುಣಾಕಾರ ಸಂಸತ್ತಿನಲ್ಲಿ ಯಾರಿಗೂ ಬಾರದ್ದಲ್ಲ.

ಕೆಲಸದ ಹೊತ್ತಿನ ನಿಯಮವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಪಾಲಿಸುವವರೂ ಅಷ್ಟೇ ಬೇಗ ಮುಗಿದುಹೋಗುತ್ತಾರೆ. ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಕಿಶೋರನಿಗೆ ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ, ಎಲ್ಲ ಸೇರಿ ದಿನಕ್ಕೆ ಆರು ಗಂಟೆ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ, ಓಟಿಯೂ ಇಲ್ಲ. ನೈಟ್ ಶಿಫ್ಟಿನ ಟೀ ಹೊತ್ತಿನಲ್ಲಿ ಇದನ್ನು ಗಟ್ಟಿಯಾಗಿ ಓದಿದರೆ ಒಳ್ಳೇ ಮನರಂಜನೆ.

ಒಂದು ಕಡೆ ಮಾತ್ರ ಕಾನೂನು ಅಕ್ಕಸಾಲಿಗನಷ್ಟು ನಿಖರವಾಗಿದೆ, ಅದು ಬೆರಳು ಹೋದ ಮೇಲೆ. 1923ರ ಪರಿಹಾರ ಕಾಯ್ದೆ ಹಾಕಿಕೊಟ್ಟ ಕೋಷ್ಟಕದಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ ಶೇ 14ರಷ್ಟು ನಷ್ಟ, ನಡುಬೆರಳಿಗೆ ಶೇ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ ಶೇ 7, ಹೆಬ್ಬೆರಳಿಗೆ ಶೇ 30. ಒಂದು ಕೈಯ ನಾಲ್ಕು ಬೆರಳು ಒಟ್ಟಿಗೆ ಹೋದರೆ ಶೇ 50. ವಯಸ್ಸಿಗೂ ಗುಣಕ ಉಂಟು: 16ರೊಳಗಿನವರಿಗೆ 228.54, 65 ದಾಟಿದವರಿಗೆ 99.37. ತಿಂಗಳಿಗೆ 10,000 ರೂಪಾಯಿ ಪಡೆಯುವ ಹದಿನಾರರ ಹುಡುಗನ ತೋರುಬೆರಳಿಗೆ ಲೆಕ್ಕ ಹಾಕಿದರೆ ಸುಮಾರು 1,92,000 ರೂಪಾಯಿ. ಎಳೆಯ ಬೆರಳಿಗೆ ಬೆಲೆ ಜಾಸ್ತಿ ಎಂದು ಕಾನೂನೇ ಒಪ್ಪಿದ ಹಾಗಾಯಿತು. ಆದರೆ ಈ ಲೆಕ್ಕಕ್ಕೆ ಸಂಬಳದ ಚೀಟಿ ಬೇಕು, ಹಾಜರಿ ಪುಸ್ತಕದಲ್ಲಿ ಹೆಸರು ಬೇಕು. ಹಾಜರಿಯೇ ಇಲ್ಲದ ಹುಡುಗನಿಗೆ ಬೆರಳು ಮೊದಲಿನಿಂದಲೂ ಇರಲಿಲ್ಲ ಎಂದು ವಾದಿಸಲು ಒಳ್ಳೆಯ ವಕೀಲರೊಬ್ಬರು ಸಾಕು.

ತಮ್ಮ ಪರವಾಗಿ ಮಾತಾಡುವವರಿದ್ದಾರೆ, ಅವರಿಗೂ ಉತ್ತರ ಕೊಡಬೇಕು. ಬಡವರ ಮನೆಗೆ ಆ ಕೂಲಿ ಬೇಕಲ್ಲ, ಹುಡುಗನನ್ನು ಹೊರಗೆ ಹಾಕಿದರೆ ಒಲೆ ಹೊತ್ತುವುದು ಹೇಗೆ ಅನ್ನುತ್ತಾರೆ. ಮಾತು ನಿಜ, ಅದಕ್ಕೇ ಹುಡುಗನನ್ನು ಶೆಡ್ಡಿನಿಂದ ಹೊರಹಾಕಿ ಎಂದು ನಾನು ಹೇಳುತ್ತಿಲ್ಲ, ತಮ್ಮ ಮುಂದಿನಿಂದ ಸರಿಸಿ ಅನ್ನುತ್ತಿದ್ದೇನೆ. ಎಣಿಸುವುದು, ಜೋಡಿಸುವುದು, ಪ್ಯಾಕ್ ಮಾಡುವುದು ಅದೇ ಶೆಡ್ಡಿನಲ್ಲೇ ನಡೆಯುತ್ತವೆ. ಬಡವರ ಮನೆಗೆ ಮುಂದಿನ ನಲವತ್ತು ವರ್ಷ ಬೇಕಾಗಿರುವುದೂ ಆ ಕೈಯೇ. ಇನ್ನೊಂದು ವಾದ, ಚಿಕ್ಕಂದಿನಲ್ಲೇ ಕೈ ಪಳಗಬೇಕು, ಅಮೆರಿಕದಲ್ಲೂ ಹೈಸ್ಕೂಲ್ ಮಕ್ಕಳು ದುಡಿಯುತ್ತಾರೆ ಎಂಬುದು. ದುಡಿಯುತ್ತಾರೆ, ಸರಿ. ಆದರೆ ಅಲ್ಲಿ 1938ರ ಕಾಯ್ದೆಯಡಿ ಕೃಷಿಯೇತರ ಕೆಲಸಗಳಿಗೆ 17 ಅಪಾಯದ ಆದೇಶಗಳಿವೆ, ಅವುಗಳಲ್ಲಿ ಎಂಟನೆಯದು ತಮ್ಮ ಕುಲದ್ದೇ: ಲೋಹ ಒತ್ತುವ, ತೂತು ಹೊಡೆಯುವ, ಕತ್ತರಿಸುವ ಯಂತ್ರಗಳನ್ನು 18 ತುಂಬದವರು ನಡೆಸಕೂಡದು. ನಿಗಾದಲ್ಲಿ ಕಲಿಯುವ ಅಪ್ರೆಂಟಿಸ್‌ಗಳಿಗೆ, ವಿದ್ಯಾರ್ಥಿಗಳಿಗಷ್ಟೇ ವಿನಾಯಿತಿ. ಹೋಟೆಲಿನಲ್ಲಿ ಮಾಂಸ ಕೊಯ್ಯುವ ಸ್ಲೈಸರನ್ನು ಬಿಚ್ಚಿಟ್ಟು ತೊಳೆಯುವುದಕ್ಕೂ ಹದಿನೇಳರವನಿಗೆ ಅನುಮತಿ ಇಲ್ಲ. ಅಲ್ಲಿಯೂ ಕಳ್ಳರಿದ್ದಾರೆ: 13ರಿಂದ 17 ವಯಸ್ಸಿನ 102 ಮಕ್ಕಳನ್ನು ರಾತ್ರಿ ಪಾಳಿಯಲ್ಲಿ ಮಾಂಸದ ಕಾರ್ಖಾನೆಗಳ ಶುಚಿಗೆ ಹಚ್ಚಿದ್ದ ಗುತ್ತಿಗೆ ಕಂಪನಿ 2023ರಲ್ಲಿ 15 ಲಕ್ಷ ಡಾಲರ್ ದಂಡ ಕಟ್ಟಿತು. ಆದರೆ ಕಳ್ಳತನ ಯಾವುದು ಎಂಬ ಬಗ್ಗೆ ಅಲ್ಲಿ ಗೊಂದಲವಿಲ್ಲ, ಯಂತ್ರದ ಹೆಸರು ಹಿಡಿದೇ ಬರೆದಿದ್ದಾರೆ.

ಮೂರನೆಯ ವಾದ ಆಧಾರ್ ಕಾರ್ಡಿನದು: ಅದರಲ್ಲಿ 18 ಎಂದಿದೆ, ನಾವೇನು ಮಾಡೋಣ? ಮಾಡಬಹುದಾದ್ದು ಗಾರ್ಡ್ ಹಾಕುವುದು; ಅದು ಹದಿನೆಂಟರವನ ಬೆರಳನ್ನೂ ಉಳಿಸುತ್ತದೆ, ಐವತ್ತರವನದ್ದನ್ನೂ. ಹರಿಯಾಣದ ವಾಹನ ಬಿಡಿಭಾಗಗಳ ಘಟಕಗಳಲ್ಲಿ ಗಾಯಗೊಂಡವರ ಬಗ್ಗೆ ಸೇಫ್ ಇನ್ ಇಂಡಿಯಾ ಫೌಂಡೇಶನ್ 2019ರಿಂದ ಪ್ರಕಟಿಸುತ್ತಿರುವ ವರದಿಗಳಲ್ಲಿ ಕೈ ನಜ್ಜುಗುಜ್ಜಾದವರ ದೊಡ್ಡ ಪಾಲು ತಮ್ಮ ಖಾತೆಗೇ ಜಮೆಯಾಗಿದೆ.

ಹೀಗಾಗಿ, ಯಂತ್ರದ ಹೆಸರು ಹಿಡಿದು ನಿಷೇಧ ಬರೆಯುವ ಬುದ್ಧಿ ನಮ್ಮವರಿಗೆ ಬರುವ ತನಕ ತಾವೇ ಸ್ವಲ್ಪ ಸಹಕರಿಸಬೇಕು. ಕೀ ಸವೆದ ದಿನ ದಯಮಾಡಿ ಕೆಟ್ಟು ನಿಂತುಬಿಡಿ. ಗಾರ್ಡ್ ಬಿಚ್ಚಿದವರ ಮುಂದೆ ಒಂದು ಪೆಟ್ಟೂ ಹೊಡೆಯಬೇಡಿ. ತಾವು ನಿಂತರೆ ಮಾಲು ತಡವಾಗುತ್ತದೆ, ಆರ್ಡರ್ ಕೊಟ್ಟ ದೊಡ್ಡ ಕಂಪನಿಯಿಂದ ಫೋನ್ ಬರುತ್ತದೆ, ಮಾಲೀಕರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ ಬರುತ್ತಾರೆ, ಹಿಂದೆಯೇ ಮೆಕ್ಯಾನಿಕ್ಕೂ ಬರುತ್ತಾನೆ.

ಇತಿ,
ಸದ್ಯಕ್ಕೆ ಹತ್ತೂ ಬೆರಳಿರುವ ಒಬ್ಬ ನಾಗರಿಕ