ಮೊದಲು ಕ್ಯಾಮೆರಾಗೆ ನೈವೇದ್ಯ

(ಜನವರಿಯ ಸಂಜೆ, ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ. ಅವರೆಬೇಳೆ ಮೇಳ.)

ನಾಣಿ: ಸೀನ, ಬಂದು ಅರ್ಧ ಗಂಟೆಯಾಯ್ತು ಕಣೋ. ಒಂದು ತುತ್ತೂ ಬಾಯಿಗೆ ಬಿದ್ದಿಲ್ಲ!

ಸೀನ: ತಡಿಯೋ, ವಿಡಿಯೊ ಮುಗೀಲಿ. ದೋಸೆ ಸ್ವಲ್ಪ ಓರೆ ಹಿಡಿ, ಹಿತಕಿದ ಬೇಳೆ ಕಾಣಬೇಕು.

ನಾಣಿ: ತಣ್ಣಗಾಗಿ ತುಪ್ಪ ಹೆಪ್ಪುಗಟ್ಟಿದೆ. ಬೇಳೆಯೆಲ್ಲ ಅಡಕೆ ತಟ್ಟೆಗೇ ಅಂಟ್ಕೊಂಡಿದೆ.

ಸೀನ: ರುಚಿ ನಿನ್ನೊಬ್ಬನಿಗೆ, ಲೈಕು ಲೋಕಕ್ಕೆ!

ನಾಣಿ: ಅಲ್ಲೇನೋ ಅಷ್ಟು ಕ್ಯೂ?

ಸೀನ: ಅವರೆಬೇಳೆ ಐಸ್‌ಕ್ರೀಮು. ಅದರಾಚೆ ಜಾಮೂನು, ಜಿಲೇಬಿ.

ನಾಣಿ: ಸೊಗಡಿನ ಅವರೆಕಾಳು ಸಾರು, ಉಪ್ಪಿಟ್ಟು?

ಸೀನ: ಅದನ್ನ ಮನೇಲಿ ಅಮ್ಮ ಮಾಡ್ತಾಳೆ, ಬಿಡು.

ನಾಣಿ: ಮೊನ್ನೆ ಕಾಯಿ ಸುಲಿಯೋಕೆ ಕರೆದರೆ ಓಡಿಹೋದೆಯಂತೆ?

ಸೀನ: ಸುಲಿಯೋದನ್ನ ಯಾರೋ ನೋಡ್ತಾರೆ?

ನಾಣಿ: ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್‌ನವರು ರವೆ ಇಡ್ಲಿ ಕಂಡುಹಿಡಿದರಂತೆ. ಇಷ್ಟೆಲ್ಲ ಸಿಕ್ಕರೂ ನೀನು ಕಂಡುಹಿಡಿದದ್ದೇನು?

ಸೀನ: ಆ್ಯಂಗಲ್ಲು! ನಾಳೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲು. 1943ರದು, ಗೊತ್ತಾ?

ನಾಣಿ: ನಾಳೆ ಶುಕ್ರವಾರ. ಅವರಿಗೆ ರಜ.

ಸೀನ: ಇನ್ನೂ ಒಳ್ಳೇದಾಯ್ತು! ಬಾಗಿಲಲ್ಲಿ ಜನ ಇರಲ್ಲ, ಬೋರ್ಡು ಚೆನ್ನಾಗಿ ಬರುತ್ತೆ!