ಲ್ಯಾಬಿಗೆ ಕತ್ತರಿ

"ಸರ್, ಲಿಟ್ಮಸ್ ಕಾಗದ ಮುಗಿದಿದೆ."

"ಅನುದಾನವೂ ಮುಗಿದಿದೆ ಮೇಡಂ. ದಾಸವಾಳ ಉಜ್ಜಿ, ನಿಂಬೆರಸ ಹಿಂಡಿ. ಕೆಂಪಾಗುತ್ತೆ."

"ಆಗಿದೆ ಸರ್. ಹೂವೂ ನಿಂಬೆಯೂ ನನ್ನ ಮನೇದೇ."

"ಭೇಷ್! ಸಮುದಾಯದ ಸಹಭಾಗಿತ್ವ ಅಂತ ವರದಿಗೆ ಒಂದು ಫೋಟೊ ಹಾಕಿ."

"ಸೂಕ್ಷ್ಮದರ್ಶಕಕ್ಕೆ ಲೆನ್ಸೇ ಇಲ್ಲ."

"ಸ್ಟಾಕ್ ರಿಜಿಸ್ಟರಿನಲ್ಲಿ ಇದೆಯಲ್ಲ!"

(ಸರ್ಕಾರಿ ಶಾಲೆಯಲ್ಲಿ ಅತಿ ಸೂಕ್ಷ್ಮ ವಸ್ತುಗಳು ಕಾಣುವುದು ಆ ರಿಜಿಸ್ಟರಿನಲ್ಲೇ.)

"ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ 6 ಕೊಡಿ ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು ಸರ್."

"ಆ ಕಡತ ಇನ್ನೂ ನನ್ನ ಟೇಬಲ್ಲಿಗೆ ಬಂದಿಲ್ಲ."

"ಲ್ಯಾಬಿನ ಬೀಗ ಯಾವಾಗ ತೆಗೀತೀರಿ ಅಂತ ಮಕ್ಕಳು ಕೇಳ್ತಾರೆ."

"ಫೆಬ್ರುವರಿ 28, ವಿಜ್ಞಾನ ದಿನ! ಟೇಪ್ ಕತ್ತರಿಸೋಕೆ ಶಾಸಕರೇ ಬರ್ತಾರೆ. ಕತ್ತರಿ ಮಾತ್ರ ನಿಮ್ಮ ಮನೆಯಿಂದ ತಂದುಬಿಡಿ."